ಕೋಟೆಯ ಹೊರಗಿನ ಬಾವಿಗಳು



ಇಂದಿನ ಮಾತು ಯುದ್ಧದ ಮೇಲೆ. ಬಯಲಿನಲ್ಲಿ ಎದುರುಬದುರು ನಿಂತು ಹೊಡೆದಾಡುವ ಯುದ್ಧವನ್ನು ಪಠ್ಯಪುಸ್ತಕಕ್ಕೆ ಬಿಡೋಣ. ನಾನು ಹೇಳಹೊರಟಿದ್ದು ಇನ್ನೊಂದು ಬಗೆಯದು. ದೊಡ್ಡ ಸೈನ್ಯದ ಮುಂದೆ ನಿಲ್ಲದೆ ಓಡುವುದು. ಹಿಂದಿನಿಂದ ಬಂದು ಹೊಡೆಯುವುದು. ಅದರ ಧಾನ್ಯ ತಡೆಯುವುದು, ನೀರು ಕೆಡಿಸುವುದು. ಇದನ್ನು ಪತ್ರಿಕೆಗಳು ಗೆರಿಲ್ಲಾ ಯುದ್ಧ ಎನ್ನುತ್ತವೆ. ನಮ್ಮ ದಖ್ಖನದಲ್ಲಿ 400 ವರ್ಷಗಳ ಹಿಂದೆ ಬರ್ಗಿಗಿರಿ ಎನ್ನುತ್ತಿದ್ದರು. ಮರಾಠರು ಗನಿಮಿ ಕಾವಾ ಎಂದರು.

ಈ ಯುದ್ಧದ ಕಥೆ ಹೇಳುವವರು ಸವಾರರ ಕಥೆ ಹೇಳುತ್ತಾರೆ. ಅವರ ಚುರುಕು, ಅವರ ಕುದುರೆ, ಅವರ ಧೈರ್ಯ. ನಾನು ಬಾವಿಗಳ ಕಥೆ ಹೇಳುತ್ತೇನೆ.

ಮೊದಲು ನೆಲವನ್ನು ಮನಸ್ಸಿನಲ್ಲಿ ಬಿಡಿಸಿಕೊಳ್ಳಿ. ವಿಜಯಪುರದ ಕೋಟೆಯಿಂದ ಪಡುವಣಕ್ಕೆ ಹೊರಡಿ. ಐದಾರು ಕಿಲೋಮೀಟರಿಗೆ ತೊರವಿ. ಸುಮಾರು 20 ಕಿಲೋಮೀಟರಿಗೆ ಟಿಕೋಟ. ಮುಂದೆ ಹೋದರೆ ಅಥಣಿ. ನಗರದಿಂದ ಜಮಖಂಡಿಯ ದಾರಿ ಹಿಡಿದರೆ ಬಬಲೇಶ್ವರ. ಈ ಸೀಮೆಯ ನಡುವೆ ಡೋಣಿ ನದಿ. ಡೋಣಿಯ ನೀರು ಸವುಳು. ಆದರೆ ಅದರ ದಂಡೆಯ ಎರೆಹೊಲದಲ್ಲಿ ಬೆಳೆಯುವ ಬಿಳಿಜೋಳಕ್ಕೆ ಸಾಟಿಯಿಲ್ಲ. ಡೋಣಿ ಬಂದ ವರ್ಷ ಓಣಿಯೆಲ್ಲ ಜೋಳ ಎಂದು ಹಿರಿಯರು ಹೇಳುವುದನ್ನು ನೀವೂ ಕೇಳಿದ್ದೀರಿ. ಮಳೆ ಮಾತ್ರ ಕಡಿಮೆ. ವರ್ಷಕ್ಕೆ 600 ಮಿಲಿಮೀಟರ್ ಆದರೆ ಪುಣ್ಯ.

ಇಂಥ ನೆಲದಲ್ಲಿ ಆದಿಲ್‌ಶಾಹಿಗಳು ದೊಡ್ಡ ರಾಜಧಾನಿ ಕಟ್ಟಿದರು. ಗೋಲಗುಮ್ಮಟ ಎಲ್ಲರ ಕಣ್ಣಿಗೂ ಬೀಳುತ್ತದೆ. ಅದರಷ್ಟೇ ದೊಡ್ಡ ಕೆಲಸ ನೆಲದ ಕೆಳಗೆ ನಡೆದಿದೆ. ತೊರವಿಯ ಕಡೆಯಿಂದ ಸುರಂಗ ಕೊರೆದು ನಗರಕ್ಕೆ ನೀರು ತಂದರು. ಇಂದಿಗೂ ಅಲ್ಲಿ ಸುರಂಗ ಬಾವಡಿ ಇದೆ. ಊರೊಳಗೆ ತಾಜ್ ಬಾವಡಿ, ಚಾಂದ್ ಬಾವಡಿ. ನೀರಿನ ಒತ್ತಡ ತಗ್ಗಿಸಲು ಅಲ್ಲಲ್ಲಿ ಗಂಜ್ ಎಂಬ ಗೋಪುರಗಳು. ದಕ್ಷಿಣಕ್ಕೆ 1651ರ ಬೇಗಂ ತಾಲಾಬ್. ಈಗಿನ ಬಬಲೇಶ್ವರ ತಾಲೂಕಿನ ಮಮದಾಪುರದಲ್ಲಿ 1633ರಲ್ಲಿ ಮುಗಿದ ದೊಡ್ಡ ಕೆರೆ. ಕಲ್ಲು ಕಟ್ಟಿದವರು ಕೋಟೆ ಬೀಳುವುದಕ್ಕಿಂತ ನೀರು ತೀರುವುದಕ್ಕೆ ಹೆಚ್ಚು ಹೆದರಿದ್ದರು ಎಂದು ನನಗೆ ಅನ್ನಿಸುತ್ತದೆ. ಹೆದರಿಕೆ ಸರಿಯಾಗಿಯೇ ಇತ್ತು.

ಈ ಯುದ್ಧವನ್ನು ದಖ್ಖನಕ್ಕೆ ಕಲಿಸಿದ ದೊಡ್ಡ ಗುರು ಮಲಿಕ್ ಅಂಬರ್. ಇಥಿಯೋಪಿಯಾದಲ್ಲಿ ಹುಟ್ಟಿ, ಗುಲಾಮನಾಗಿ ಇಲ್ಲಿಗೆ ಬಂದು, ಅಹಮದನಗರದ ರಾಜ್ಯವನ್ನೇ ನಡೆಸಿದವನು. 1624ರಲ್ಲಿ ಮೊಗಲರೂ ವಿಜಯಪುರದವರೂ ಒಂದಾಗಿ ಅವನ ಮೇಲೆ ಹೋದರು. ಅವನು ಭಾತವಡಿ ಎಂಬಲ್ಲಿ ಕೆರೆಯ ಏರಿ ಒಡೆಸಿದ. ದಾರಿಯೆಲ್ಲ ಕೆಸರಾಯಿತು. ತೋಪುಗಳು ಹೂತುಕೊಂಡವು. ರಾತ್ರಿ ರಾತ್ರಿ ದಾಳಿ, ಹಗಲೆಲ್ಲ ಹಸಿವು. ದೊಡ್ಡ ಸೈನ್ಯ ಕುಸಿಯಿತು. ಗೆದ್ದ ಅಂಬರ್ ನೇರ ವಿಜಯಪುರದ ಕಡೆ ಬಂದ. ತೊರವಿಯ ಹತ್ತಿರ ಎರಡನೆಯ ಇಬ್ರಾಹಿಂ ಆದಿಲ್‌ಶಾಹ 1599ರಲ್ಲಿ ಕಟ್ಟಲು ಶುರುಮಾಡಿದ ನವರಸಪುರವಿತ್ತು. ಸಂಗೀತಪ್ರಿಯ ಸುಲ್ತಾನನ ಕನಸಿನ ಊರು. ಅಂಬರ್ ಅದನ್ನು ಹಾಳುಗೆಡವಿದ.

ಇಲ್ಲಿಯವರೆಗೆ ಎರಡು ಸಂಗತಿ ಹೇಳಿದೆ. ಒಂದು, ವಿಜಯಪುರದ ಬಲ ಅದರ ನೀರಿನಲ್ಲಿತ್ತು. ಎರಡು, ನೀರನ್ನೇ ಆಯುಧ ಮಾಡುವ ವಿದ್ಯೆಯ ಪೆಟ್ಟನ್ನು ವಿಜಯಪುರ 1624ರಲ್ಲಿ ತಿಂದಿತು. ಪೆಟ್ಟು ತಿಂದವರು ಆ ವಿದ್ಯೆ ಕಲಿತರು. ಈಗ ಅದನ್ನು ನೋಡೋಣ.

1631ರಲ್ಲಿ ಷಹಜಹಾನನ ಮಂತ್ರಿ ಆಸಫ್ ಖಾನ್ ನಗರಕ್ಕೆ ಮುತ್ತಿಗೆ ಹಾಕಿದ. ಅದು ದಖ್ಖನದ ಮಹಾ ಕ್ಷಾಮದ ಹೊತ್ತು. ಸುತ್ತಲ ಸೀಮೆಯನ್ನು ಮೊದಲೇ ಬರಿದು ಮಾಡಲಾಗಿತ್ತು. ಮುತ್ತಿಗೆ ಹಾಕಿದವರೇ ಉಪವಾಸ ಬಿದ್ದರು. ಕೆಲವೇ ವಾರಗಳಲ್ಲಿ ಡೇರೆ ಕಿತ್ತರು. 1636ರಲ್ಲಿ ಮೊಗಲರು ಮೂರು ದಿಕ್ಕಿನಿಂದ ಬಂದರು. ಆಗ ವಿಜಯಪುರದವರು ಕೋಟೆಯ ಹೊರಗಿನ ಶಹಾಪುರ ಪೇಟೆಯ ಕೆರೆಯ ಏರಿ ಕಡಿದರು. ಆ ಪೇಟೆಯ ಜನರನ್ನು ಕೋಟೆಯೊಳಗೆ ತಂದರು. ಬಾವಿಗಳಿಗೆ ಮಣ್ಣು ತುಂಬಿದರು. ರಾಜಧಾನಿ ಉಳಿಯಿತು. ಒಪ್ಪಂದವಾಯಿತು.

ಆದರೆ ಈ ವಿದ್ಯೆ ಪೂರ್ಣವಾಗಿ ಕಂಡದ್ದು 1665ರಲ್ಲಿ. ಆಗ ವಿಜಯಪುರದಲ್ಲಿ ಎರಡನೆಯ ಅಲಿ ಆದಿಲ್‌ಶಾಹ. ದಂಡೆತ್ತಿ ಬಂದವನು ಔರಂಗಜೇಬನ ದೊಡ್ಡ ಸೇನಾಪತಿ, ಆಂಬೇರಿನ ಮಿರ್ಜಾ ರಾಜಾ ಜಯಸಿಂಹ. ಅದೇ ವರ್ಷ ಜೂನ್‌ನಲ್ಲಿ ಅವನು ಶಿವಾಜಿಯನ್ನು ಪುರಂದರದಲ್ಲಿ ಒಪ್ಪಂದಕ್ಕೆ ತಂದಿದ್ದ. ಹಾಗಾಗಿ ಶಿವಾಜಿಯೂ ಅವನ ಸರದಾರ ನೇತಾಜಿ ಪಾಲ್ಕರನೂ ಸುಮಾರು 9,000 ಜನರೊಂದಿಗೆ ಮೊಗಲರ ಪಕ್ಕದಲ್ಲಿದ್ದರು. ಜಯಸಿಂಹನ ಲೆಕ್ಕ ಸರಳ. ಹಣ ಚೆಲ್ಲಿ ವಿಜಯಪುರದ ಸರದಾರರನ್ನು ಒಡೆಯುವುದು. ಬೇಗ ಬಂದು ನಗರದ ಬಾಗಿಲು ತಟ್ಟುವುದು. ಬೇಗ ಬರಬೇಕೆಂದು ದೊಡ್ಡ ತೋಪುಗಳನ್ನು ಪರಾಂಡಾದಲ್ಲೇ ಬಿಟ್ಟು ಬಂದ.

ಡಿಸೆಂಬರ್ ಕೊನೆಗೆ ನಗರದ ಉತ್ತರಕ್ಕೆ, ಮಖಣಾಪುರದ ಹತ್ತಿರ ಬೀಡುಬಿಟ್ಟ. ಕೋಟೆಗೆ ಉಳಿದದ್ದು ಸುಮಾರು 16 ಕಿಲೋಮೀಟರ್. ಗುಮ್ಮಟ ಕಾಣುವಷ್ಟು ಹತ್ತಿರ. ಆದರೆ ಮುಂದೆ ಏನಿತ್ತು?

ಏನೂ ಇರಲಿಲ್ಲ. ಕೋಟೆಯ ಸುತ್ತ ಸುಮಾರು 10 ಕಿಲೋಮೀಟರ್ ನೆಲವನ್ನು ಬೋಳಿಸಿದ್ದರು. ನವರಸಪುರದ ಕೆರೆ ಬರಿದು. ಶಹಾಪುರದ ಕೆರೆ ಬರಿದು. ಬಾವಿಗಳಲ್ಲಿ ಮಣ್ಣು. ಮನೆ, ತೋಟದ ಗೋಡೆಗಳು ನೆಲಸಮ. ನೆರಳಿಗೆ ಒಂದು ಮರವಿಲ್ಲ, ಕುದುರೆಗೆ ಒಂದು ಹಿಡಿ ಕಣಿಕೆ ಇಲ್ಲ. ಕೋಟೆಯೊಳಗೆ ಮಾತ್ರ ಕಾಳುಕಡಿ ತುಂಬಿತ್ತು. ಕರ್ನಾಟಕದ ಸುಮಾರು 30,000 ಕಾಲಾಳುಗಳನ್ನು ಹೊಸದಾಗಿ ಸೇರಿಸಿಕೊಂಡಿದ್ದರು. ಹೊರಗೆ ವಿಜಯಪುರದ ಸರದಾರ ಶರ್ಜಾ ಖಾನನ ಹಗುರ ಸವಾರರು. ಅವರು ಮೊಗಲರ ಎದುರಿಗೆ ಹೆಚ್ಚು ಹೊತ್ತು ನಿಲ್ಲಲಿಲ್ಲ. ಹಿಂದೆ ಹೋಗಿ ಮೊಗಲರದೇ ಸೀಮೆಯನ್ನು ಸುಲಿದರು, ಧಾನ್ಯ ಬರುವ ದಾರಿ ಕಡಿದರು. ಗೋಲಕೊಂಡದಿಂದಲೂ ಸಹಾಯ ಹೊರಟಿತ್ತು.

ಜಯಸಿಂಹ ಒಂದು ವಾರ ಕಾದ. ಜನವರಿ ಮೊದಲಲ್ಲಿ ತಿರುಗಿದ. ಮುಂದೆ ಶಿವಾಜಿ ಪನ್ಹಾಳದಲ್ಲಿ ಸೋತ. ನೇತಾಜಿ ಪಕ್ಷ ಬದಲಿಸಿ ವಿಜಯಪುರ ಸೇರಿದ. ಜಯಸಿಂಹ 1667ರಲ್ಲಿ ಬುರ್ಹಾನಪುರದಲ್ಲಿ ತೀರಿಕೊಂಡ. ಮಲಿಕ್-ಎ-ಮೈದಾನ್ ತೋಪು ಜಯಸಿಂಹನ ಮೇಲೆ ಹಾರಬೇಕಾಗಿಯೇ ಬರಲಿಲ್ಲ. ಅವನನ್ನು ಹಿಮ್ಮೆಟ್ಟಿಸಿದ್ದು ಬಾಯಾರಿಕೆ.

ಕೇಳುಗರೇ, ಇದುವರೆಗಿನದು ಗೆದ್ದವರ ಕಥೆ. ಬುದ್ಧಿವಂತ ಯುದ್ಧ, ಸೈ. ಯುದ್ಧಶಾಲೆಗಳಲ್ಲಿ ಪಾಠ ಮಾಡುವಂಥದು. ಈಗ ಇನ್ನೊಂದು ಪ್ರಶ್ನೆ. ಆ 10 ಕಿಲೋಮೀಟರಿನಲ್ಲಿ ಇದ್ದವರು ಯಾರು?

ತಿಂಗಳನ್ನು ಮತ್ತೆ ಗಮನಿಸಿ. ಡಿಸೆಂಬರ್ ಕೊನೆ. ಎಳ್ಳಮಾವಾಸ್ಯೆಯ ಆಸುಪಾಸು. ಎರೆಹೊಲದಲ್ಲಿ ಹಿಂಗಾರಿ ಜೋಳ ತೆನೆ ಹಿಡಿಯುವ ಹೊತ್ತು. ಭೂತಾಯಿಗೆ ಚರಗ ಚೆಲ್ಲಿ, ಹೊಲದಲ್ಲೇ ಸಜ್ಜಿರೊಟ್ಟಿ, ಭರ್ತಾ ಉಣ್ಣುವ ಕಾಲ. ಇನ್ನು ನಾಲ್ಕಾರು ವಾರಕ್ಕೆ ಸೀತನಿ. ಆ ಹೊತ್ತಿಗೆ ಬೆಳೆ ಹಾಳಾದರೆ ಆ ವರ್ಷಕ್ಕೆ ಮತ್ತೊಂದು ಬೆಳೆ ಇಲ್ಲ. ಹೊಲ ಹಾಳುಮಾಡಿದವರು ಶತ್ರುಗಳಲ್ಲ, ತಮ್ಮದೇ ಸುಲ್ತಾನನ ಜನ. ಬಾವಿಗೆ ಮಣ್ಣು ತುಂಬಿದವರೂ ಅವರೇ. ಒಂದು ಬಾವಿ ತೋಡಲು ಒಂದು ತಲೆಮಾರು ದುಡಿಯಬೇಕು. ಮುಚ್ಚಲು ಒಂದು ಮಧ್ಯಾಹ್ನ ಸಾಕು.

ರೈತರಿಗೆ ತಮ್ಮದೇ ರಕ್ಷಣೆಯ ಉಪಾಯಗಳಿದ್ದವು. ಜೋಳ ನೆಲದೊಳಗೆ ಹಗೇವಿನಲ್ಲಿ. ಬಾಯಿ ಮುಚ್ಚಿ ಮೇಲೆ ಮಣ್ಣು ಎಳೆದರೆ ದಾಳಿಗಾರನಿಗೆ ಗೊತ್ತಾಗದು. ಊರಿಗೊಂದು ಹುಡೆ. ಮೇಲೆ ಹತ್ತಿ ನಿಂತರೆ ಹರದಾರಿ ದೂರದ ಧೂಳು ಕಾಣುತ್ತದೆ. ಗುಂಡನೆಯ, ದಪ್ಪ ಗೋಡೆಯ, ಒಳಗೆ ಇಕ್ಕಟ್ಟಾದ ಮೆಟ್ಟಿಲುಗಳ ಈ ಹುಡೆಗಳು ಕೆಲವು ಹಳ್ಳಿಗಳಲ್ಲಿ ಈಗಲೂ ಅರ್ಧ ಕುಸಿದು ನಿಂತಿವೆ. ಪ್ರವಾಸಿಗಳಿಗೆ ಉಪ್ಪಲಿ ಬುರುಜನ್ನು ತೋರಿಸುತ್ತೇವೆ. ಈ ಬಡ ಬುರುಜುಗಳ ಕಲ್ಲನ್ನು ಮನೆ ಕಟ್ಟಲು ಒಯ್ಯುತ್ತೇವೆ.

ಹುಡೆ, ಹಗೇವು ಚಿಕ್ಕ ದಾಳಿಗೆ ಸಾಕು. ದೊಡ್ಡ ಸೈನ್ಯ ಸಿಟ್ಟಿನಿಂದ ತಿರುಗಿದಾಗ ಏನಾಗುತ್ತದೆ? ಅದಕ್ಕೆ ಟಿಕೋಟವೇ ಸಾಕ್ಷಿ. ಇದು ನನ್ನ ಮಾತಿನ ನಡುಮನೆ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

1679. ಸಿಂಹಾಸನದ ಮೇಲೆ ಬಾಲಕ ಸಿಕಂದರ್. ಆಡಳಿತ ಸಿದ್ದಿ ಮಸೂದನ ಕೈಯಲ್ಲಿ. ಮೊಗಲ ಸೇನಾಪತಿ ದಿಲೇರ್ ಖಾನ್ ವಿಜಯಪುರದ ಮೇಲೆ ಬಂದ. ಜಯಸಿಂಹನ ದಂಡಿನಲ್ಲಿದ್ದು ಹಿಂದಿನ ಸೋಲನ್ನು ಕಣ್ಣಾರೆ ಕಂಡವನೇ ಇವನು. ಆ ಹೊತ್ತಿಗೆ ತಂದೆ ಶಿವಾಜಿಯೊಂದಿಗೆ ಮುನಿಸಿಕೊಂಡ ಸಂಭಾಜಿ ದಿಲೇರನ ಜೊತೆಗಿದ್ದ. ಸಿದ್ದಿ ಮಸೂದ ಶಿವಾಜಿಯ ಸಹಾಯ ಬೇಡಿದ. ಶಿವಾಜಿ ಸವಾರರನ್ನೂ ಎತ್ತುಗಳ ಮೇಲೆ ಧಾನ್ಯವನ್ನೂ ಕಳಿಸಿದ. ತಾನು ವಿಜಯಪುರಕ್ಕೆ ಬರಲಿಲ್ಲ. ಮೊಗಲರ ಸೀಮೆಗೆ ನುಗ್ಗಿ ಜಾಲ್ನಾ ಪೇಟೆಯನ್ನು ಸುಲಿದ. ಇಲ್ಲಿ ಮುತ್ತಿಗೆ, ಅಲ್ಲಿ ಪೆಟ್ಟು. ಬರ್ಗಿಗಿರಿಯ ಮೂಲಸೂತ್ರ ಇದೇ.

ದಿಲೇರ್ ಖಾನನಿಗೆ ಕೋಟೆ ದಕ್ಕಲಿಲ್ಲ. ನವೆಂಬರ್ ನಡುವಿನಲ್ಲಿ ಮುತ್ತಿಗೆ ಬಿಟ್ಟು ಪಡುವಣಕ್ಕೆ ಹೊರಟ. ದಾರಿಯಲ್ಲಿ ಟಿಕೋಟ. ಆಗ ಅದು ಸಿರಿವಂತ, ಜನ ತುಂಬಿದ ಊರು. ಸುತ್ತಲಿನ ಉಳ್ಳವರು ಯುದ್ಧದ ಭಯಕ್ಕೆ ಹೆಂಡಿರು ಮಕ್ಕಳೊಂದಿಗೆ ಅಲ್ಲಿಗೆ ಬಂದು ಸೇರಿದ್ದರು. ಕೋಟೆಗೆ ಮುತ್ತಿಗೆ ಬಿದ್ದಿದೆ, ಟಿಕೋಟ ದೂರವಿದೆ, ಇಲ್ಲಿ ಕ್ಷೇಮ ಎಂಬ ಎಣಿಕೆ. ಮೊಗಲ ಸೈನ್ಯ ಹಠಾತ್ತನೆ ಊರಿನ ಮೇಲೆ ಬಿತ್ತು. ಹೆಂಗಸರು ಮಕ್ಕಳನ್ನು ಎತ್ತಿಕೊಂಡು ಮನೆಯ ಬಾವಿಗಳಿಗೆ ಹಾರಿದರು. ಹಿಂದೂ ಹೆಂಗಸರೂ ಹಾರಿದರು. ಮುಸಲ್ಮಾನ ಹೆಂಗಸರೂ ಹಾರಿದರು. ಸುಮಾರು 3,000 ಜನರನ್ನು ಸೆರೆಹಿಡಿದು ಮಾರಲು ಒಯ್ದರು. ಅವರಲ್ಲೂ ಎರಡೂ ಮತದವರಿದ್ದರು. ವಿಜಯಪುರದ ಪರ್ಷಿಯನ್ ಚರಿತ್ರೆ ‘ಬಸಾತೀನ್-ಉಸ್-ಸಲಾತೀನ್’ ಈ ಕಾಲದ ಸಂಗತಿಗಳನ್ನು ಕಾಪಾಡಿದೆ. ಇತಿಹಾಸಕಾರ ಜದುನಾಥ ಸರ್ಕಾರ್ ಟಿಕೋಟದ ಈ ಘಟನೆಯನ್ನು ಶಿವಾಜಿಯ ಮೇಲಿನ ತಮ್ಮ ಪುಸ್ತಕದಲ್ಲಿ ದಾಖಲಿಸಿದ್ದಾರೆ.

ಮುಂದೆ ಅಥಣಿ. ಅದು ದೊಡ್ಡ ಪೇಟೆ. ಅದನ್ನೂ ಸುಟ್ಟರು. ಅಲ್ಲಿಯ ಜನರನ್ನೂ ಮಾರಹೊರಟಾಗ ಸಂಭಾಜಿ ವಿರೋಧಿಸಿದ. ದಿಲೇರ್ ಕೇಳಲಿಲ್ಲ. ಸಂಭಾಜಿ ರಾತ್ರೋರಾತ್ರಿ ಬೀಡು ಬಿಟ್ಟು ವಿಜಯಪುರಕ್ಕೆ ತಪ್ಪಿಸಿಕೊಂಡ. ಹೆಂಡತಿ ಯೇಸುಬಾಯಿ ಗಂಡುವೇಷದಲ್ಲಿ ಅವನ ಜೊತೆಗಿದ್ದಳು. ನಾಟಕ, ಸಿನಿಮಾದವರಿಗೆ ಈ ತಪ್ಪಿಸಿಕೊಂಡ ಕಥೆ ಬೇಕು. ಟಿಕೋಟದ ಹೆಂಗಸರ ಹೆಸರು ಮಾತ್ರ ಯಾವ ಪುಸ್ತಕದಲ್ಲೂ ಬರಲಿಲ್ಲ.

ಈಗ ಎರಡು ಬಾವಿಗಳನ್ನು ಪಕ್ಕಪಕ್ಕ ಇಡಿ. 1665ರ ಬಾವಿಗೆ ತಮ್ಮವರೇ ಮಣ್ಣು ತುಂಬಿದರು. 1679ರ ಬಾವಿಗೆ ಶತ್ರುವಿಗೆ ಹೆದರಿ ಜನ ಹಾರಿದರು. ಮೊದಲನೆಯದನ್ನು ಗೆಲುವು ಎಂದೆವು, ಎರಡನೆಯದನ್ನು ದುರಂತ ಎಂದೆವು. ಬಾವಿಯ ಒಡೆಯನಿಗೆ ಎರಡೂ ಒಂದೇ. ಕೋಟೆಯ ಒಳಗಿನವರ ಯುದ್ಧಕ್ಕೆ ಕೋಟೆಯ ಹೊರಗಿನವರು ತೆತ್ತರು. ಇದು ನನ್ನ ತೀರ್ಪು. ಒಪ್ಪದವರು ಒಪ್ಪದಿರಲಿ.

ಇನ್ನೊಂದು ಸಂಗತಿ ಇದೆ. ಧಾನ್ಯ. ಇಷ್ಟು ದೊಡ್ಡ ಸೈನ್ಯಗಳಿಗೆ ಧಾನ್ಯ ಹೊತ್ತವರು ಯಾರು? ಲಂಬಾಣಿಗರು. ಸಾವಿರ ಸಾವಿರ ಎತ್ತುಗಳ ಮೇಲೆ ಜೋಳ, ಉಪ್ಪು ಹೇರಿಕೊಂಡು ದಂಡಿನ ಹಿಂದೆ ನಡೆದವರು. 1630ರ ಸುಮಾರಿಗೆ ಆಸಫ್ ಖಾನನ ವಿಜಯಪುರದ ದಂಡಯಾತ್ರೆಯಲ್ಲಿ ಬಂದೆವು ಎಂಬ ಐತಿಹ್ಯ ಅವರಲ್ಲಿದೆ. ದಾರಿಯ ಮನೆಗಳ ಕೊಡದ ನೀರು, ಮಾಡಿನ ಹುಲ್ಲು ತೆಗೆದುಕೊಳ್ಳಲು ಅವರಿಗೆ ಆಸಫ್ ಖಾನನ ಅಪ್ಪಣೆ ಇತ್ತಂತೆ. ಐತಿಹ್ಯ ನಿಜವೋ ಅಲ್ಲವೋ, ಅದರೊಳಗಿನ ಯುದ್ಧದ ಲೆಕ್ಕ ನಿಜ. ಸೈನ್ಯ ಬರುವುದೆಂದರೆ ಕೊಡದ ನೀರು ಹೋಯಿತು, ಮಾಡಿನ ಹುಲ್ಲೂ ಹೋಯಿತು. ನಮ್ಮ ಜಿಲ್ಲೆಯ ತಾಂಡಾಗಳ ಹಿರಿಯರನ್ನು ಕೇಳಿ. ಇಂಥ ಕಥೆಗಳು ಇನ್ನೂ ಇವೆ.

ವಿಜಯಪುರ ಕೊನೆಗೆ ಬಿದ್ದದ್ದೂ ಧಾನ್ಯದ ಕಥೆಯೇ. 1685ರಲ್ಲಿ ಮುತ್ತಿಗೆ ಶುರುವಾಯಿತು. ಮೊಗಲರ ಬೀಡಿನಲ್ಲಿ ಮತ್ತೆ ಹಸಿವು. ಈ ಸಲ ರಾಜಕುಮಾರ ಆಜಂ ಹಿಂದೆ ಸರಿಯಲು ಒಪ್ಪಲಿಲ್ಲ. ಸಾವಿರಾರು ಎತ್ತುಗಳ ಧಾನ್ಯ ಕಾವಲಿನೊಂದಿಗೆ ಬಂದು ಮುಟ್ಟಿತು. 1686ರ ಸೆಪ್ಟೆಂಬರ್ 12ರಂದು ಕೋಟೆ ಶರಣಾಯಿತು. ಎರಡು ವರ್ಷಕ್ಕೆ ಪ್ಲೇಗು ಬಂತು. ಔರಂಗಜೇಬನ ಒಬ್ಬ ಪತ್ನಿಯೂ ಇಲ್ಲೇ ಅದಕ್ಕೆ ಬಲಿಯಾದಳು.

ಕೋಟೆ ಗೆದ್ದರೆ ದೇಶ ಗೆದ್ದಂತೆ ಎಂದು ಔರಂಗಜೇಬ ತಿಳಿದಿದ್ದ. ಅಲ್ಲಿಂದ 20 ವರ್ಷ ಅವನು ದಖ್ಖನದಲ್ಲೇ ಅಲೆದ. 1695ರ ಕೊನೆಗೆ ಚಿತ್ರದುರ್ಗದ ಸೀಮೆಯ ದೊಡ್ಡೇರಿಯಲ್ಲಿ ಮರಾಠ ಸರದಾರ ಸಂತಾಜಿ ಘೋರ್ಪಡೆ ಮೊಗಲ ಸೈನ್ಯವನ್ನು ಸುತ್ತುಗಟ್ಟಿ ಹಸಿವಿನಿಂದಲೇ ಮಣಿಸಿದ. ಔರಂಗಜೇಬ ತಾನೇ ನಿಂತು ನಡೆಸಿದ ಕೊನೆಯ ಮುತ್ತಿಗೆ ಸುರಪುರದ ಹತ್ತಿರದ ವಾಗಿನಗೇರಿಯಲ್ಲಿ, 1705ರಲ್ಲಿ. ಎದುರಾಳಿ ಬೇಡರ ಪಿಡ್ಡನಾಯಕ. ಸುಮಾರು ಮೂರು ತಿಂಗಳು ಹೋರಾಡಿ ನಾಯಕ ಒಂದು ರಾತ್ರಿ ಜಾರಿಕೊಂಡ. ಬಾದಶಹನಿಗೆ ಸಿಕ್ಕಿದ್ದು ಖಾಲಿ ಕೋಟೆ.

ಕೇಳುಗರೇ, ಹಳೆಯ ಕಥೆ ಇಲ್ಲಿಗೆ ಸಾಕು. ಬಾವಿ, ಬೆಳೆ, ಧಾನ್ಯದ ದಾರಿ, ಈ ಮೂರರ ಮೇಲೆ ಯುದ್ಧ ನಡೆಯಿತು ಎಂದು ಕಂಡೆವು. ಈಗ ನಮ್ಮ ಕಾಲಕ್ಕೆ ಬರೋಣ.

ಜಗತ್ತು ಈ ವಿದ್ಯೆಯನ್ನು ಮರೆತಿಲ್ಲ. 1938ರಲ್ಲಿ ಜಪಾನಿನ ಸೈನ್ಯವನ್ನು ತಡೆಯಲು ಚೀನಾದ ಸರ್ಕಾರವೇ ಹಳದಿ ನದಿಯ ಒಡ್ಡು ಒಡೆಯಿತು. ತನ್ನದೇ ಪ್ರಜೆಗಳು ಲಕ್ಷಗಟ್ಟಲೆ ಸತ್ತರು. ಶಹಾಪುರ ಕೆರೆಯ ಏರಿ ಕಡಿದ ಲೆಕ್ಕಾಚಾರವೇ ಅದು, ಸಾವಿರಪಾಲು ದೊಡ್ಡದು. 2023ರ ಜೂನ್‌ನಲ್ಲಿ ಉಕ್ರೇನಿನ ಕಾಖೋವ್ಕಾ ಅಣೆಕಟ್ಟು ಒಡೆಯಿತು. ಕೆಳಗಿನ ಊರುಗಳು ಮುಳುಗಿದವು. ಮೇಲಿನ ಹೊಲಗಳು ನೀರಿಲ್ಲದೆ ಒಣಗಿದವು.

ಕಾನೂನು ಇದೆ. ಜಿನೀವಾ ಒಪ್ಪಂದಗಳಿಗೆ 1977ರಲ್ಲಿ ಒಂದು ಹೆಚ್ಚುವರಿ ಒಡಂಬಡಿಕೆ ಸೇರಿತು. ಅದರ 54ನೆಯ ವಿಧಿ ಬೆಳೆ, ದನಕರು, ಕುಡಿಯುವ ನೀರು, ನೀರಾವರಿ ಕಟ್ಟಡಗಳನ್ನು ಜನರಿಗೆ ಸಿಗದಂತೆ ನಾಶ ಮಾಡಬಾರದು ಎನ್ನುತ್ತದೆ. ಒಳ್ಳೆಯದು. ಆದರೆ ಅದೇ ವಿಧಿಯ ಕೊನೆಯಲ್ಲಿ ಒಂದು ಕಿಂಡಿ ಇದೆ. ದಂಡೆತ್ತಿ ಬಂದವರಿಂದ ಸ್ವಂತ ನೆಲ ಕಾಯುವ ದೇಶ, ತನ್ನ ಹಿಡಿತದಲ್ಲಿರುವ ಭಾಗದಲ್ಲಿ, ಅನಿವಾರ್ಯವಾದರೆ ಹೀಗೆ ಮಾಡಬಹುದು. ಅಂದರೆ ಅಲಿ ಆದಿಲ್‌ಶಾಹನಿಗೆ ಇಂದೂ ವಿನಾಯಿತಿ ಸಿಗುತ್ತಿತ್ತು! ದಿಲೇರ್ ಖಾನನಿಗೆ ಸಿಗುತ್ತಿರಲಿಲ್ಲ. ಭಾರತ ಈ ಒಡಂಬಡಿಕೆಗೆ ಸೇರಿಲ್ಲ.

ದೂರದ ಮಾತು ಬಿಡಿ. ನಮ್ಮ ಮಲೆನಾಡಿನಲ್ಲಿ 20 ವರ್ಷಕ್ಕೂ ಹೆಚ್ಚು ಕಾಲ ನಕ್ಸಲ್ ಚಟುವಟಿಕೆ ಇತ್ತು. ಅಲ್ಲಿ ಕೆರೆ ಒಡೆಯಲಿಲ್ಲ, ಬೆಳೆ ಸುಡಲಿಲ್ಲ. ಆದರೂ ಕಾಡಂಚಿನ ಮನೆಗಳ ಸಂಕಟ ಇದೇ ಜಾತಿಯದು. ರಾತ್ರಿ ಬಂದವರು ಅಕ್ಕಿ ಕೇಳುತ್ತಾರೆ. ಬೆಳಿಗ್ಗೆ ಬಂದವರು ಅಕ್ಕಿ ಯಾಕೆ ಕೊಟ್ಟೆ ಎಂದು ಕೇಳುತ್ತಾರೆ. 2024ರ ನವೆಂಬರಿನಲ್ಲಿ ಹೆಬ್ರಿಯ ಬಳಿ ನಕ್ಸಲ್ ನಾಯಕ ವಿಕ್ರಂ ಗೌಡ ಪೊಲೀಸರ ಗುಂಡಿಗೆ ಸತ್ತ. 2025ರ ಜನವರಿಯಲ್ಲಿ ಆರು ಜನ ನಕ್ಸಲರು ಬೆಂಗಳೂರಿನಲ್ಲಿ ಶರಣಾದರು. ಆ ಅಕ್ಕಿಯ ಲೆಕ್ಕ ಬರೆದಿಟ್ಟವರು ಯಾರೂ ಇಲ್ಲ.

ಇನ್ನು ವಿಜಯಪುರ. ಇಂದು ನಮ್ಮ ನೀರು ತೊರವಿಯ ಸುರಂಗದಿಂದ ಬರುವುದಿಲ್ಲ. ಕೃಷ್ಣೆಯಿಂದ ಬರುತ್ತದೆ. ನಗರಕ್ಕೆ ಕೊಲ್ಹಾರದ ಕಡೆಯಿಂದ. ಹೊಲಕ್ಕೆ, ಕೆರೆಗೆ ಮುಳವಾಡ ಮತ್ತು ತುಬಚಿ-ಬಬಲೇಶ್ವರ ಏತ ನೀರಾವರಿಗಳಿಂದ. ಒಣಗಿದ್ದ ಕೆರೆಗಳು ತುಂಬಿದವು. ದ್ರಾಕ್ಷಿ, ದಾಳಿಂಬೆ ಬಂದವು. ಇದು ಈ ಸೀಮೆಯ ದೊಡ್ಡ ಸಾಧನೆ, ಸಂಶಯವಿಲ್ಲ. ಆದರೆ ಭದ್ರತೆಯ ಕಣ್ಣಿನಿಂದ ಒಮ್ಮೆ ನೋಡಿ. ಆಗ ನೂರಾರು ಬಾವಿಗಳಿದ್ದವು. ಎಲ್ಲವನ್ನೂ ಮುಚ್ಚಲು ಸಾವಿರಾರು ಆಳು ಬೇಕಿತ್ತು. ಈಗ ಕೆಲವೇ ಪಂಪ್‌ಹೌಸುಗಳು, ಕೆಲವೇ ವಿದ್ಯುತ್ ತಂತಿಗಳು, ಒಂದಿಷ್ಟು ಕಂಪ್ಯೂಟರುಗಳು.

ಕಂಪ್ಯೂಟರಿಗೆ ಯಾರು ಕೈ ಹಾಕುತ್ತಾರೆ ಎನ್ನಬೇಡಿ. 2000ನೇ ಇಸವಿಯಲ್ಲಿ ಆಸ್ಟ್ರೇಲಿಯದಲ್ಲಿ ಕೆಲಸ ಸಿಗದೆ ಮುನಿದ ಒಬ್ಬನೇ ಒಬ್ಬ ಕಾರಿನಲ್ಲಿ ಕುಳಿತು ರೇಡಿಯೊ ಸಂಕೇತ ಕಳಿಸಿ ಪಟ್ಟಣದ ಒಳಚರಂಡಿ ಪಂಪುಗಳನ್ನು ಕೆಡಿಸಿದ. ಲಕ್ಷಗಟ್ಟಲೆ ಲೀಟರ್ ಕೊಳಚೆ ಹೊಳೆಗೆ ಹರಿಯಿತು. 2015ರ ಡಿಸೆಂಬರಿನಲ್ಲಿ ಉಕ್ರೇನಿನ 2 ಲಕ್ಷಕ್ಕೂ ಹೆಚ್ಚು ಗ್ರಾಹಕರಿಗೆ ಹೀಗೇ ದೂರದಿಂದ ಕರೆಂಟು ಕಡಿದರು. ಚಳಿಗಾಲದಲ್ಲಿ, ಕೆಲವು ಗಂಟೆ. ಅಲ್ಲಿಯ ನೌಕರರು ಓಡಿಹೋಗಿ ಕೈಯಿಂದಲೇ ಸ್ವಿಚ್ಚು ಹಾಕಿ ವಿದ್ಯುತ್ ಮರಳಿ ತಂದರು. ಯಂತ್ರ ಕೈಕೊಟ್ಟಾಗ ಕೈಯಿಂದ ನಡೆಸಲು ಬರಬೇಕು, ಅದಕ್ಕೆ ತಿಳಿದ ಜನ ಇರಬೇಕು.

ನೀರಿಗೂ ಅದೇ ಮಾತು. ದೂರದ ನೀರು ನಾಲ್ಕು ದಿನ ನಿಂತರೆ ಹತ್ತಿರದ ನೀರು ಬೇಕು. ವಿಜಯಪುರದಲ್ಲಿ ಕೆಲವು ವರ್ಷಗಳ ಹಿಂದೆ ತಾಜ್ ಬಾವಡಿಯ ಹೂಳು ತೆಗೆದರು. ಬೇರೆ ಹಳೆಯ ಬಾವಡಿಗಳನ್ನೂ ಶುಚಿ ಮಾಡಿದರು. ಜನ ಇದನ್ನು ಪರಂಪರೆಯ ಕೆಲಸ ಎಂದರು, ಪ್ರವಾಸೋದ್ಯಮದ ಕೆಲಸ ಎಂದರು. ನಾನು ಇದನ್ನು ರಕ್ಷಣೆಯ ಕೆಲಸ ಎನ್ನುತ್ತೇನೆ. ಕೋಟೆಗೋಡೆ ದುರಸ್ತಿಗಿಂತ ಮೊದಲು ಆಗಬೇಕಾದ ಕೆಲಸ.

ಟಿಕೋಟ, ಬಬಲೇಶ್ವರದ ಕಾಲೇಜು ವಿದ್ಯಾರ್ಥಿಗಳು ಕೇಳುತ್ತಿದ್ದರೆ ಅವರಿಗೊಂದು ಕೆಲಸ ಹೇಳುತ್ತೇನೆ. ನಿಮ್ಮೂರಿನ ಹಳೆಯ ಬಾವಿಗಳ ಪಟ್ಟಿ ಮಾಡಿ. ಯಾವುದು ಹೂತಿದೆ, ಯಾವುದು ಕಸದ ಗುಂಡಿಯಾಗಿದೆ, ಯಾವುದರಲ್ಲಿ ಬೇಸಿಗೆಯಲ್ಲೂ ನೀರು ನಿಲ್ಲುತ್ತದೆ, ಆ ನೀರು ಕುಡಿಯಲು ಬರುತ್ತದೋ ಇಲ್ಲವೋ, ಬರೆಯಿರಿ. ಬಾವಿಯ ಬಗ್ಗೆ ಮನೆಯ ಅಜ್ಜಿ ಹೇಳುವ ಕಥೆ ಇದ್ದರೆ ಅದನ್ನೂ ಬರೆಯಿರಿ. ಒಂದು ಪ್ರತಿ ಪಂಚಾಯಿತಿಗೆ, ಒಂದು ಪ್ರತಿ ತಹಶೀಲ್ದಾರ್ ಕಚೇರಿಗೆ ಕೊಡಿ. ಕೊಟ್ಟದ್ದಕ್ಕೆ ಸ್ವೀಕೃತಿ ಕೇಳಿ ಪಡೆಯಿರಿ.